ಇಪ್ಪತ್ಮೂರು ಕಟ್ಟೆಗಳ ಸೈಕಲ್ ದಾರಿ

ಸೈಕಲ್ಲುಗಳನ್ನು ಎಣಿಸಲು ನಾನು ಹುಣಸೆ ಬೀಜ ಬಳಸಿದೆ. ಕಚೇರಿಯಲ್ಲಿ ಅದಕ್ಕೆಂದೇ ಅಚ್ಚು ಹಾಕಿದ ಹಾಳೆಗಳಿದ್ದವು, ಒಂದು ಗಾಡಿಗೆ ಒಂದು ಗೀಟು ಎಳೆಯುತ್ತ ಹೋಗಬೇಕು. ಆದರೆ ಬೆಳಗಿನ ಪಾಳಿಗೆ ಮಕರಪುರದ ಕಾರ್ಖಾನೆಗಳ ಕಡೆ ಹೊರಟ ಸೈಕಲ್ಲುಗಳ ಮುಂದೆ ಗೀಟು ಎಳೆಯುವ ಕೈ ಎಲ್ಲಿ ನಡೆದೀತು? ತಲೆ ತಗ್ಗಿಸಿ ಒಂದು ಗೀಟು ಹಾಕುವಷ್ಟರಲ್ಲಿ ಹತ್ತು ಮಂದಿ ದಾಟಿರುತ್ತಿದ್ದರು. ಎರಡು ದಿನ ಹಾಳೆ ಹಾಳು ಮಾಡಿದೆ. ಮೂರನೆಯ ದಿನ ರಸ್ತೆ ಬದಿಯ ಉಡುಪಿ ಹೋಟೆಲಿನ ಯಜಮಾನರಿಂದ ಒಂದು ಚೀಲ ಹುಣಸೆ ಬೀಜ, ಎರಡು ಹಿತ್ತಾಳೆ ಪಾತ್ರೆ ಇಸಿದುಕೊಂಡು ಅವರ ಜಗಲಿಯ ಮೇಲೆ ಕೂತೆ. ಹತ್ತು ಸೈಕಲ್ಲಿಗೆ ಒಂದು ಬೀಜ ದೊಡ್ಡ ಪಾತ್ರೆಗೆ, ಲಾರಿಗೊಂದು ಬೀಜ ಚಿಕ್ಕ ಪಾತ್ರೆಗೆ. ಕಣ್ಣು ದಾರಿಯ ಮೇಲೆ, ಕೈ ಚೀಲದೊಳಗೆ.

ಯಜಮಾನರು ಕುಂದಾಪುರದ ಕಡೆಯವರು. ಇಡ್ಲಿ ತಟ್ಟೆ ಹಿಡಿದು ಹೋಗುವಾಗಲೆಲ್ಲ ಒಂದು ಮಾತು ಒಗೆದೇ ಹೋಗುವವರು.

"ಎಂತದು ಮಾರಾಯ್ರೆ, ಸರಕಾರ ನಿಮಗೆ ಸಂಬಳ ಕೊಡುದು ಹುಣಸೆ ಬೀಜ ಆಡ್ಲಿಕ್ಕಾ?"

ನಗಲಿ ಬಿಡಿ. ಎಂಟು ದಿನ ಕೂತೆ, ಬೆಳಗಿನ ಪಾಳಿಗೆ ಮತ್ತು ಸಂಜೆ ಪಾಳಿ ಬಿಡುವ ಹೊತ್ತಿಗೆ. ದಿನವೂ ದೊಡ್ಡ ಪಾತ್ರೆ ತುಂಬಿ ನೆಲಕ್ಕೆ ಚೆಲ್ಲುತ್ತಿತ್ತು. ಚಿಕ್ಕದರ ತಳ ಕಾಣುತ್ತಿತ್ತು. ಆ ಎರಡು ಪಾತ್ರೆ ನೋಡಿದ ಮೇಲೆ ರಸ್ತೆ ಯಾರದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮುಂಬಯಿ ರಾಜ್ಯ ಒಡೆದು ಗುಜರಾತ್ ಬೇರೆಯಾಗಿ ನಾಲ್ಕೈದು ವರ್ಷಗಳಾಗಿದ್ದವು. ಧಾರವಾಡದ ಕಡೆಯ ನಮ್ಮಂಥವರು ಕೆಲವರು ಹಳೆಯ ಮುಂಬಯಿ ಸರಕಾರದ ಕಾಲದಲ್ಲಿ ಕೆಲಸಕ್ಕೆ ಸೇರಿ, ಎಲ್ಲಿ ಒಗೆದರೋ ಅಲ್ಲೇ ಬೇರು ಬಿಟ್ಟವರು. ನನ್ನ ಪಾಲಿಗೆ ಬಂದದ್ದು ಬಡೋದೆ. ಅಲ್ಲಿಯ ಒಂದು ರಸ್ತೆ ಕಚೇರಿಯಲ್ಲಿ ನಾನು ಓವರ್‌ಸಿಯರ್. ಊರಿನ ದಕ್ಷಿಣಕ್ಕೆ ಮಕರಪುರದಲ್ಲಿ ಕಾರ್ಖಾನೆಗಳು ಆಗತಾನೇ ಏಳುತ್ತಿದ್ದವು. ಮಂಜಲ್‌ಪುರ ಇನ್ನೂ ಹಳ್ಳಿಯಾಗಿತ್ತು. ಅದರ ಅಂಚಿನಲ್ಲಿ ಹಾದುಹೋಗುವ ಹಳೆಯ ರಸ್ತೆಯನ್ನು ಅಗಲ ಮಾಡಬೇಕು, ಅಳತೆ ಮಾಡಿ ನಕ್ಷೆ ತಯಾರಿಸು ಅಂತ ನನಗೆ ಹೇಳಿದ್ದರು.

ಹೇಳಿದವರು ನಮ್ಮ ಸಾಹೇಬರು, ವಿಭಾಗದ ಇಂಜಿನಿಯರ್, ಗದಗಿನ ಕಡೆಯವರು. ಕಚೇರಿಯಲ್ಲಿ ಎಲ್ಲರೊಂದಿಗೆ ಇಂಗ್ಲಿಷ್, ಗುಮಾಸ್ತರೊಂದಿಗೆ ಗುಜರಾತಿ. ನಾನು ಒಳಗೆ ಹೋಗಿ ಬಾಗಿಲು ಮುಚ್ಚಿದ ಕೂಡಲೇ ಕನ್ನಡ. "ಏನಪಾ ತಮ್ಮಾ" ಅಂದರೆ ಸಾಕು, ನನ್ನ ಎದೆ ತುಂಬುತ್ತಿತ್ತು. ರವಿವಾರ ಅವರ ಮನೆಯಲ್ಲಿ ಜೋಳದ ರೊಟ್ಟಿ, ಎಣಗಾಯಿ ಪಲ್ಯ. ನಮ್ಮ ಮನೆಯ ಗುರೆಳ್ಳು ಚಟ್ನಿ ಅವರ ಮನೆಗೆ ಹೋಗುತ್ತಿತ್ತು. ಊರು ಬಿಟ್ಟು ಐನೂರು ಮೈಲಿ ದೂರ ಬಂದವನಿಗೆ ಇದಕ್ಕಿಂತ ದೊಡ್ಡ ನಂಟು ಏನಿದೆ?

ರಸ್ತೆಯ ಅಳತೆ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಆ ಅಳತೆಯಲ್ಲೇ ಇದೆ. ಪಡುವಣ ಬದಿಗೆ ಒಂದೇ ಸಾಲಿನಲ್ಲಿ ಇಪ್ಪತ್ಮೂರು ಮನೆ. ಮೂಡಣ ಬದಿಗೆ ಆಳವಾದ ಗಟಾರ, ಅದನ್ನು ಸರಿಸುವಂತಿಲ್ಲ. ಮನೆಯ ಗೋಡೆಯಿಂದ ಗಟಾರದವರೆಗೆ ನಲವತ್ನಾಲ್ಕು ಅಡಿ. ಆಗಲೇ ಮೀಟರು ಬಂದಿತ್ತು. ನಕ್ಷೆಯಲ್ಲಿ ಮೀಟರು ಬರೆದು ತಲೆಯೊಳಗೆ ಅಡಿಯಲ್ಲೇ ಎಣಿಸುತ್ತಿದ್ದೆವು. ನಾನು ಹೀಗೆ ಹಂಚಿದೆ: ಗಟಾರದ ಪಕ್ಕ ಐದು ಅಡಿ ಮಣ್ಣು, ಇಪ್ಪತ್ನಾಲ್ಕು ಅಡಿ ಡಾಂಬರು, ಮತ್ತೆ ಐದು ಅಡಿ ಮಣ್ಣು. ಆಮೇಲೆ ನಾಲ್ಕು ಅಡಿ ಅಗಲದ, ಎತ್ತರಿಸಿದ ಮಣ್ಣಿನ ದಿಂಡು. ಅಲ್ಲಿ ಮೊದಲಿನಿಂದಲೂ ಏಳು ಬೇವಿನ ಮರ ನಿಂತಿದ್ದವು, ಅವನ್ನು ಮುಟ್ಟುವುದಿಲ್ಲ. ದಿಂಡಿನ ಈಚೆಗೆ, ಮನೆಗಳ ಮಗ್ಗುಲಲ್ಲಿ, ಆರು ಅಡಿಯ ಸೈಕಲ್ ದಾರಿ. ಲಾರಿ ಮರದ ಆಚೆಗೆ, ಸೈಕಲ್ ಮರದ ಈಚೆಗೆ. ಕೂಡಿಸಿ ನೋಡಿ, ಸರಿಯಾಗಿ ನಲವತ್ನಾಲ್ಕು.

ಸರಿಯಾಗಿ ಅಂದೆನಲ್ಲ, ಅಲ್ಲೇ ಮುಳ್ಳು. ಆ ಇಪ್ಪತ್ಮೂರು ಮನೆಗಳ ಮುಂದೆಯೂ ಆರಾರು ಅಡಿಯ ಕಟ್ಟೆ ಇತ್ತು. ಅಲ್ಲಿ ಅದಕ್ಕೆ ಓಟ್ಲೋ ಅನ್ನುತ್ತಾರೆ. ಆ ಜನರಿಗೆ ಅದು ಬರೀ ಇಟ್ಟಿಗೆಯ ಕಟ್ಟೆಯಲ್ಲ. ಮುಂಜಾನೆ ಅಲ್ಲೇ ಹಲ್ಲುಜ್ಜುವುದು, ಮಧ್ಯಾಹ್ನ ಹೆಂಗಸರು ಅಲ್ಲೇ ಗೋಧಿ ಹಸನು ಮಾಡುವುದು, ಬಂದವರನ್ನು ಅಲ್ಲೇ ಕೂರಿಸುವುದು, ಜಗಳವೂ ಅಲ್ಲೇ, ಮದುವೆ ಮಾತೂ ಅಲ್ಲೇ. ನನ್ನ ಸೈಕಲ್ ದಾರಿ ಬೀಳುವುದು ನೆಟ್ಟಗೆ ಅದರ ಮೇಲೆ.

ಸಾಹೇಬರು ನಕ್ಷೆಯನ್ನು ಈ ತುದಿಯಿಂದ ಆ ತುದಿಗೆ ಬೆರಳಿಟ್ಟು ನೋಡಿದರು. ಆಮೇಲೆ ಕನ್ನಡಕ ತೆಗೆದರು.

"ಭೇಷ್ ತಮ್ಮಾ. ಇದನ್ನ ಪಾಸ್ ಮಾಡ್ಸೂ ಜವಾಬ್ದಾರಿ ನಂದು. ಆದ್ರ ಕಟ್ಟಿ ತಗೀರಿ ಅಂತ ನೋಟೀಸು ಕೊಟ್ರ ಅವರು ಕೋರ್ಟಿಗೆ ಹೋಗ್ತಾರ, ಹತ್ತು ವರ್ಷ ಹಿಡೀತದ. ನೀನ ಹೋಗಿ ಕೇಳು. ನಿನ್ನ ಮಾರಿ ನೋಡಿದ್ರ ಯಾರಿಗೂ ಇಲ್ಲ ಅನ್ನಾಕ ಮನಸ ಬರೂದಿಲ್ಲ."

ನಾನು ಹಿಗ್ಗಿದೆ. ಮೂಗಿಗೆ ತುಪ್ಪ ಸವರಿಸಿಕೊಂಡವನಿಗೆ ವಾಸನೆ ಬಿಟ್ಟು ಬೇರೇನು ತಿಳಿಯುತ್ತದೆ?

ಆಮೇಲೆ ಒಪ್ಪಿಗೆ ಪತ್ರ ತಯಾರಿಸಿದೆ. ಗುಜರಾತಿಯಲ್ಲಿ ಐದೇ ಸಾಲು: ನನ್ನ ಮನೆ ಮುಂದಿನ ಆರು ಅಡಿ ಜಾಗವನ್ನು, ಇಂಥ ನಂಬರಿನ ನಕ್ಷೆಯಲ್ಲಿ ತೋರಿಸಿದ ಕೆಲಸಕ್ಕಾಗಿ, ಮನಃಪೂರ್ವಕ ಬಿಟ್ಟುಕೊಡುತ್ತೇನೆ. ನಕ್ಷೆಯ ನಂಬರು ಕೇಳಲು ಸಾಹೇಬರ ಕೋಣೆಗೆ ಹೋದೆ. ನಕ್ಷೆ ಅಹಮದಾಬಾದಿನ ದೊಡ್ಡ ಕಚೇರಿಗೆ ಹೋಗಿದೆ, ಅಲ್ಲಿ ಸಹಿಯಾದ ಮೇಲೆ ನಂಬರು ಬೀಳುತ್ತದೆ ಅಂದರು. ಹಾಗಾದರೆ ನಂಬರು ಬರುವವರೆಗೆ ತಡೆಯೋಣವೇ ಅಂತ ಕೇಳಿದೆ.

"ಖಾಲಿ ಬಿಡೋ. ನಂಬರ್ ಬಂದ ಮ್ಯಾಲೆ ತುಂಬಿದ್ರಾತು. ನಮ್ಮ ನಮ್ಮೊಳಗ ಯಾಕ ಅಷ್ಟು ಕಾಯ್ದೆ?"

ಓವರ್‌ಸಿಯರ್ ಆದವನಿಗೆ ಕಲಿಸುವ ಮೊದಲ ಪಾಠವೇ ಖಾಲಿ ಜಾಗ ಬಿಡಬೇಡ ಅನ್ನುವುದು. ಅಳತೆ ಪುಸ್ತಕದಲ್ಲಿ ಅರ್ಧ ಪುಟ ಉಳಿದರೆ ಓರೆ ಗೆರೆ ಹೊಡೆದು ಸಹಿ ಹಾಕಬೇಕು. ಇಲ್ಲದಿದ್ದರೆ ನಾಳೆ ಯಾವನೋ ಬಂದು ಏನೋ ಬರೆದಾನು. ನಾನು ಈ ವಿಷಯದಲ್ಲಿ ಕುಖ್ಯಾತ. ಎರಡು ಬೆರಳಷ್ಟು ಜಾಗ ಉಳಿದರೂ ಗೆರೆ ಹೊಡೆಯುತ್ತಿದ್ದೆ, ಗುಮಾಸ್ತರು ನನ್ನ ಬೆನ್ನ ಹಿಂದೆ ನಗುತ್ತಿದ್ದರು. ಅಂಥ ನಾನು ಇಪ್ಪತ್ಮೂರು ಕಾಗದಗಳಲ್ಲಿ ನಂಬರಿನ ಜಾಗ ಖಾಲಿ ಬಿಟ್ಟೆ. ಮನೆಯಲ್ಲಿ ಈ ಮಾತು ಬಂದಾಗ ನನ್ನ ಹೆಂಡತಿ ಅನ್ನ ಬಡಿಸುವ ಕೈ ತಡೆದು, "ಗುಜರಾತಿ ಸಾಹೇಬ ಹೇಳಿದ್ರ ಖಾಲಿ ಬಿಡ್ತಿದ್ರೇನು ನೀವು?" ಅಂತ ಕೇಳಿದಳು. ನಿನಗೇನು ತಿಳೀತದ ಸುಮ್ಮನಿರು ಅಂತ ಗದರಿದೆ. ಅವಳು ಸಾರು ಬಡಿಸಿದಳು.

ಮೊದಲ ಮನೆಯೇ ಬಾ ಅವರದು. ಅಲ್ಲಿ ತಾಯಿಗೆ ಬಾ ಅನ್ನುತ್ತಾರೆ, ಆ ಸಾಲಿನವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಅರವತ್ತರ ಹತ್ತಿರದ ವಿಧವೆ. ಮಗ ಮಕರಪುರದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವವನು. ಹಿಂದಿನ ವರ್ಷ ಲಾರಿಯೊಂದು ಸವರಿಕೊಂಡು ಹೋಗಿ ಅವನು ಸೈಕಲ್ ಸಮೇತ ಗಟಾರಕ್ಕೆ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದ. ನಾನು ಹೋದಾಗ ಬಾ ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರು, ಯಾಕೆ ಬಂದೆ ಅಂತ ಕೇಳುವ ಮೊದಲೇ "ಬೇಸೋ ದೀಕ್ರಾ" ಅಂದರು. ಕೂತುಕೋ ಮಗನೇ. ಒಳಗಿನಿಂದ ನೀರು ತಂದರು. ನೀರು ಕುಡಿದ ಮೇಲೆಯೇ ಮಾತು.

ನನ್ನ ಗುಜರಾತಿ ಅಷ್ಟಕ್ಕಷ್ಟೇ. ಹಾಗಾಗಿ ಕಡ್ಡಿ ಹಿಡಿದು ಮಣ್ಣಿನ ಮೇಲೆ ಬರೆದು ತೋರಿಸಿದೆ. ಇಲ್ಲಿ ಲಾರಿ, ಇಲ್ಲಿ ಬೇವಿನ ಮರ, ಇಲ್ಲಿ ನಿಮ್ಮ ಬಾಗಿಲು. ಬಾಗಿಲ ಮುಂದೆ ಸೈಕಲ್ ಬಿಟ್ಟು ಇನ್ನೇನೂ ಹಾಯುವುದಿಲ್ಲ. ಬಾ ಆ ಗೆರೆಗಳನ್ನೇ ನೋಡಿದರು.

"ದಿನಾ ಸಂಜೆ ಅವನು ಬರುವ ತನಕ ಈ ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತೇನೆ," ಅಂದರು. "ದಾರಿಯೇ ಸರಿಯಾದರೆ ಕಾಯುವ ಕೆಲಸ ಇರುವುದಿಲ್ಲ. ಆಮೇಲೆ ಕಟ್ಟೆ ಯಾಕೆ?"

ಕಾಗದವನ್ನು ಓದಿ ಹೇಳಲೇ ಅಂದೆ. ನೀನು ಹೇಳಿದೆಯಲ್ಲ, ಕಾಗದದಲ್ಲಿ ಬೇರೆ ಏನು ಇರುತ್ತದೆ ಅಂತ ಹೆಬ್ಬೆಟ್ಟು ಒತ್ತಿದರು.

ಉಳಿದ ಇಪ್ಪತ್ತೆರಡು ಮನೆ ಅಷ್ಟು ಸುಲಭವಾಗಲಿಲ್ಲ. ಮೂರು ವಾರ ತಿರುಗಿದೆ. ಒಬ್ಬ ಕಟ್ಟೆಯ ಕೆಳಗೆ ಅಜ್ಜ ಹೂಳಿದ ಪಾತ್ರೆ ಇದೆ ಅಂದ. ಇನ್ನೊಬ್ಬ ಪಕ್ಕದವನು ಕೊಟ್ಟರೆ ಕೊಡುತ್ತೇನೆ ಅಂದ, ಪಕ್ಕದವನು ಇವನು ಕೊಟ್ಟರೆ ಕೊಡುತ್ತೇನೆ ಅಂದ. ಕಡೆಗೆ ನನ್ನ ಕೆಲಸ ಮುಗಿಸಿದ್ದು ಬಾ. ಒಂದು ಬೆಳಿಗ್ಗೆ ಮಗನ ಕೈಗೆ ಪಿಕಾಸಿ ಕೊಟ್ಟು ತಮ್ಮ ಕಟ್ಟೆ ತಾವೇ ಒಡೆಸಿದರು. ಅದನ್ನು ನೋಡಿ ಒಬ್ಬೊಬ್ಬರೇ ಸಹಿ ಮಾಡಿದರು. ಹದಿನೈದು ದಿನದಲ್ಲಿ ಆ ಸಾಲಿನ ಮನೆಗಳು ಬೋಳಾಗಿ ನಿಂತವು. ಒಡೆದ ಇಟ್ಟಿಗೆಯನ್ನು ನಮ್ಮ ಕಚೇರಿಯ ಗಾಡಿಗಳು ಹೊತ್ತುಕೊಂಡು ಹೋಗಿ ರಸ್ತೆಯ ತಳಕ್ಕೆ ಹಾಕಲು ರಾಶಿ ಮಾಡಿದವು. ಬಾಗಿಲಿನಿಂದ ಇಳಿಯಲು ಜನ ಒಂದೊಂದು ಕಲ್ಲು ಇಟ್ಟುಕೊಂಡರು.

ಅದರ ಮರುವಾರ ಸಾಹೇಬರು ಕರೆದು ನಂಬರು ಬಂತು, ಹದಿನಾಲ್ಕು, ತುಂಬಿಬಿಡು ಅಂದರು. ನಕ್ಷೆ ಬಂತೇ ಅಂತ ಕೇಳಿದೆ. ಪ್ರತಿ ತೆಗೆಯಲು ಹೋಗಿದೆ, ಬರುತ್ತದೆ ಅಂದರು. ನಾನು ನನ್ನ ಮೇಜಿಗೆ ಬಂದು ಲೇಖನಿಗೆ ಮಸಿ ತುಂಬಿಸಿ, ಇಪ್ಪತ್ಮೂರು ಕಾಗದಗಳಲ್ಲೂ ಒಂದೇ ಅಳತೆಯ ಅಕ್ಷರದಲ್ಲಿ ಹದಿನಾಲ್ಕು, ಹದಿನಾಲ್ಕು ಅಂತ ಬರೆದೆ. ನನ್ನ ಅಕ್ಷರ ಚೆಂದ ಅಂತ ನನಗೆ ಆಗ ಜಂಬ ಬೇರೆ. ಒಣಗಲೆಂದು ಕಿಟಕಿಯ ಹತ್ತಿರ ಹರವಿಟ್ಟೆ.

ಕೆಲಸ ಶುರುವಾದ ದಿನ ನಾನು ತುಸು ತಡವಾಗಿ ಹೋದೆ. ಗುತ್ತಿಗೆದಾರನ ಮಿಸ್ತ್ರಿ ಆಗಲೇ ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿಸುತ್ತಿದ್ದ. ಗೆರೆ ಮನೆಗಳ ಬಾಗಿಲಿಗೆ ಎರಡು ಹೆಜ್ಜೆಯಷ್ಟು ಹತ್ತಿರ ಹೋಗಿತ್ತು. ಏಳು ಬೇವಿನ ಮರಗಳ ಮೇಲೂ ಕೊಡಲಿಯವರಿಗೆ ಗುರುತಾಗಲೆಂದು ಬಿಳಿ ಕತ್ತರಿ ಗುರುತು. ನನಗೆ ಪಿತ್ತ ನೆತ್ತಿಗೇರಿತು. ನಕ್ಷೆ ಓದಲು ಬರದ ಕತ್ತೆಗೆ ಕೆಲಸ ಕೊಟ್ಟವರು ಯಾರು, ಇದು ಸೈಕಲ್ ದಾರಿಯ ಜಾಗ, ಅಳಿಸು ಅಂತ ರಸ್ತೆ ನಡುವೆ ನಿಂತು ಕೂಗಾಡಿದೆ. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಬಾ ಕೂಡ ತಮ್ಮ ಕಲ್ಲಿನ ಮೇಲೆ ಇಳಿದು ನಿಂತರು, ನಾನು ಅವರ ಪರ ಜಗಳ ಆಡುತ್ತಿದ್ದೇನೆ ಅನ್ನುವ ಧೈರ್ಯದಿಂದ.

ಮಿಸ್ತ್ರಿ ಜಗಳ ಆಡಲಿಲ್ಲ. ಬಗಲಲ್ಲಿದ್ದ ನಕ್ಷೆಯ ನೀಲಿ ಪ್ರತಿಯನ್ನು ಬಿಚ್ಚಿ ಅಲ್ಲೇ ನಿಂತಿದ್ದ ಜೀಪಿನ ಮುಂಭಾಗದ ಮೇಲೆ ಹರಡಿದ. ಕೆಳಗಿನ ಬಲ ಮೂಲೆಯಲ್ಲಿ ನಂಬರು ಹದಿನಾಲ್ಕು. ಅಳತೆ ನನ್ನದೇ, ಮನೆಗಳೂ ಗಟಾರವೂ ನಾನು ಹಾಕಿದ ಜಾಗದಲ್ಲೇ ಇದ್ದವು. ಆದರೆ ನಡುವೆ ಮೂವತ್ತಾರು ಅಡಿ ಡಾಂಬರು, ಎರಡು ಬದಿಗೆ ನಾಲ್ಕು ನಾಲ್ಕು ಅಡಿ ಮಣ್ಣು. ಮರವಿಲ್ಲ, ದಿಂಡಿಲ್ಲ, ಸೈಕಲ್ಲಿನ ಹೆಸರಿಲ್ಲ. ಬಾಗಿಲಿನಿಂದ ನಾಲ್ಕು ಅಡಿಗೆ ಲಾರಿ. ಕೆಳಗೆ ನಮ್ಮ ಸಾಹೇಬರ ಸಹಿ, ಅದರ ಪಕ್ಕದಲ್ಲಿ ತಾರೀಕು. ನಾನು ಮೊದಲ ಸಲ ಬಾ ಅವರ ಮನೆಗೆ ಹೋಗುವುದಕ್ಕೆ ಹತ್ತು ದಿನ ಮೊದಲಿನ ತಾರೀಕು.

ಏನಾಯಿತು ಅಂತ ಬಾ ಕೇಳಿದರು. ಸಾಹೇಬರನ್ನು ಕೇಳಿ ಬರುತ್ತೇನೆ ಅಂದೆ. ಸೈಕಲ್ ಹತ್ತಿ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ನನ್ನಷ್ಟಕ್ಕೆ ನಾನೇ ಸಮಾಧಾನ ಹೇಳಿಕೊಂಡೆ: ಮೇಲಿನವರು ಮೋಸ ಮಾಡಿದ್ದಾರೆ, ಪಾಪ, ಸಾಹೇಬರಿಗೂ ಗೊತ್ತಿಲ್ಲ, ತಾರೀಕು ತಪ್ಪಾಗಿದೆ. ಮನುಷ್ಯ ನಂಬಲೇಬೇಕು ಅಂತ ಹಟ ಹಿಡಿದರೆ ಕಣ್ಣೆದುರಿನ ಅಂಕಿಯನ್ನೂ ಸುಳ್ಳು ಮಾಡುತ್ತಾನೆ.

ಸಾಹೇಬರು ಕುರ್ಚಿಯಿಂದ ಏಳಲಿಲ್ಲ, ಬಾಗಿಲು ಮುಚ್ಚು ಅಂದರು. ಅಹಮದಾಬಾದಿನಲ್ಲಿ ನನ್ನ ನಕ್ಷೆಯನ್ನು ಯಾರೂ ಬಿಚ್ಚಿಯೂ ನೋಡಿರಲಿಲ್ಲವಂತೆ. ಕಾರ್ಖಾನೆಗಳಿಗೆ ಲಾರಿ ರಸ್ತೆ ಬೇಕು, ಮಳೆಗಾಲದ ಮೊದಲು ಬೇಕು, ಅಷ್ಟೇ ಮಾತು. ಇದನ್ನೆಲ್ಲ ಅವರು ಹವೆಯ ಮಾತಾಡಿದಷ್ಟು ಸುಲಭವಾಗಿ ಹೇಳಿದರು.

"ನಿಮಗ ಗೊತ್ತಿತ್ತಲ್ರೀ," ಅಂದೆ. "ನನ್ನ ಅವರ ಮನಿಗೆ ಕಳಸೂ ಮೊದಲ ಗೊತ್ತಿತ್ತು."

"ಮೊದಲ ಹೇಳಿದ್ರ ನೀ ಹೋಗ್ತಿದ್ದೇನು ತಮ್ಮಾ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ರವಿವಾರ ರೊಟ್ಟಿ ಮುರಿಯುತ್ತ ಮಾತಾಡುವ ಅದೇ ದನಿ. ಆ ದನಿಯೇ ನನ್ನನ್ನು ಕೊಂದಿತು. ಗೊತ್ತಿಲ್ಲದೆ ಮೋಸವಾಯಿತು ಅಂದಿದ್ದರೆ ಕ್ಷಮಿಸುತ್ತಿದ್ದೆ. ಬೈದು ಹೊರಗೆ ಕಳಿಸಿದ್ದರೂ ಕ್ಷಮಿಸುತ್ತಿದ್ದೆ. ನನ್ನ ಪ್ರಾಮಾಣಿಕತೆಯನ್ನೇ ಪಿಕಾಸಿ ಮಾಡಿಕೊಂಡು ಇಪ್ಪತ್ಮೂರು ಕಟ್ಟೆ ಒಡೆಸಿದ್ದರು, ಅದನ್ನು ತಮ್ಮಾ ಅಂತ ಕರೆದು ಹೇಳುತ್ತಿದ್ದರು. ನಮಸ್ಕಾರವನ್ನೂ ಮಾಡದೆ ಹೊರಗೆ ಬಂದೆ.

ಆ ದಿನ ಹೋಟೆಲಿನ ಜಗಲಿಯಲ್ಲಿ ಕೂತು ಎಲ್ಲ ಹೇಳಿಕೊಂಡೆ. ಯಜಮಾನರು ಮೊದಲ ಬಾರಿ ತಮಾಷೆ ಮಾಡಲಿಲ್ಲ. "ನಮ್ಮ ಭಾಷೆ ಮಾತಾಡಿದ ಅಂತ ನಂಬುದಾ ಮಾರಾಯ್ರೆ?" ಅಂದರು. "ಭಾಷೆ ಬಾಯಲ್ಲಿ ಇರುದು." ಕಾಫಿ ಇಟ್ಟು ಹೋದರು. ಕಾಫಿ ಆರಿಹೋಯಿತು, ನಾನು ಕುಡಿಯಲಿಲ್ಲ.

ನನ್ನ ಮುಂದೆ ಎರಡು ದಾರಿ ಇದ್ದವು. ಸುಮ್ಮನಿರುವುದು ಒಂದು. ಓವರ್‌ಸಿಯರ್ ಮಾತು ಯಾರು ಕೇಳುತ್ತಾರೆ, ನಾನು ಹೇಳಿದ ಹಾಗೆ ಮಾಡಿದೆ ಅಂತ ಕೈ ತೊಳೆದುಕೊಳ್ಳಬಹುದಿತ್ತು. ಕಾಗದದ ಮೇಲೆ ಹದಿನಾಲ್ಕು ಇದೆ, ಹೆಬ್ಬೆಟ್ಟು ಇದೆ, ಕಾಯ್ದೆ ಪ್ರಕಾರ ಎಲ್ಲ ಚೊಕ್ಕ. ಹಾಗಲ್ಲ ಅಂತ ಹೇಳಬಲ್ಲವನು ನಾನೊಬ್ಬನೇ, ಹೇಳಿದರೆ ಸಿಕ್ಕಿಬೀಳುವವನೂ ನಾನೇ. ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ಅಂಕಿ ಬರೆದವನು ಅಂತ ನೌಕರಿಯೇ ಹೋಗಬಹುದು. ಮನೆಯಲ್ಲಿ ಹೆಂಡತಿ, ಎರಡು ಚಿಕ್ಕ ಮಕ್ಕಳು. ಅವಳನ್ನು ಕೇಳಿದೆ. ನಾನು ಗದರಿದ್ದನ್ನು ಅವಳು ಎತ್ತಿ ಆಡಲಿಲ್ಲ. ನಂಬರು ತುಂಬಿದ ಕೈಯೇ ಬರೀಬೇಕು, ಬರೀರಿ ಅಂದಳು.

ಬರೆದೆ. ಸಹಿಗಳು ಬಿದ್ದಾಗ ನಂಬರಿನ ಜಾಗ ಖಾಲಿ ಇತ್ತು, ಈ ಜನರಿಗೆ ನಾನು ತೋರಿಸಿ ಹೇಳಿದ್ದು ಸೈಕಲ್ ದಾರಿಯ ನಕ್ಷೆ, ಹದಿನಾಲ್ಕು ಅಂತ ಬರೆದದ್ದು ಆಮೇಲೆ, ಬರೆದ ಕೈ ನನ್ನದು. ಎರಡು ಪ್ರತಿ. ಒಂದನ್ನು ಕಚೇರಿಗೆ ಬಂದ ಕಾಗದಗಳ ಆವಕ ಪುಸ್ತಕದಲ್ಲಿ ದಾಖಲೆ ಮಾಡಿಸಿ ಕೊಟ್ಟೆ. ಇನ್ನೊಂದನ್ನು ತೆಗೆದುಕೊಂಡು ಬಾ ಅವರ ಮನೆಗೆ ಹೋದೆ. ಕೂರಲು ಕಟ್ಟೆ ಇರಲಿಲ್ಲ. ಬಾಗಿಲ ಕಲ್ಲಿನ ಮುಂದೆ ನಿಂತೇ ಎಲ್ಲ ಹೇಳಿದೆ, ಹೇಳುವಾಗ ಕಣ್ಣಲ್ಲಿ ನೀರು ಬಂತು. ಮಗ ಕಾಗದವನ್ನು ಓದಿ ಹೇಳಿದ. ಬಾ ಅದನ್ನು ತೆಗೆದುಕೊಂಡು ಮಡಚಿದರು.

"ಆವತ್ತು ನಿನ್ನ ಮಾತು ತೆಗೆದುಕೊಂಡೆ, ಕಾಗದ ನೋಡಲಿಲ್ಲ," ಅಂದರು. "ಇವತ್ತು ಕಾಗದ ಕೊಡುತ್ತಿದ್ದೀ."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸಾಲಿನವರು ಆ ಕಾಗದ ಹಿಡಿದು ಅಹಮದಾಬಾದಿಗೆ ಅರ್ಜಿ ಹಾಕಿದರು. ಒಂದು ತಿಂಗಳ ಮೇಲೆ ವಿಚಾರಣೆಗೆ ನನ್ನನ್ನು ಕರೆಸಿದರು. ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ಒಂದು ಬದಿಗೆ ನಮ್ಮ ಸಾಹೇಬರು. ಇದು ನಿಮ್ಮ ಅಕ್ಷರವೇ? ಹೌದು. ಸಹಿ ಮೊದಲು, ನಂಬರು ಆಮೇಲೆ? ಹೌದು. ಖಾಲಿ ಬಿಡಲು ಯಾರು ಹೇಳಿದರು? ನಾನು ಸಾಹೇಬರ ಕಡೆ ಬೆರಳು ತೋರಿಸಿದೆ. ಬರವಣಿಗೆಯಲ್ಲಿ ಹೇಳಿದರೇ? ಇಲ್ಲ. ಯಾರಾದರೂ ಕೇಳಿಸಿಕೊಂಡರೇ? ಬಾಗಿಲು ಮುಚ್ಚಿತ್ತು. ಬಾಗಿಲ ಹೊರಗಿನವರು ಕೇಳಿಸಿಕೊಂಡಿದ್ದರೂ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಸಾಹೇಬರು ಎದ್ದು ನಿಂತು, ತಾವು ಅಂಥ ಯಾವ ಸೂಚನೆಯನ್ನೂ ಕೊಟ್ಟಿಲ್ಲ, ಈ ನೌಕರ ಅತಿ ಉತ್ಸಾಹದಿಂದ ಹೀಗೆ ಮಾಡಿರಬಹುದು ಅಂತ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಹಿಂದಿನ ಸೇವೆ ಚೆನ್ನಾಗಿದೆ, ದಯೆ ತೋರಿಸಬೇಕು ಅಂತಲೂ ಸೇರಿಸಿದರು. ಆ ದಯೆಯನ್ನು ನಾನು ಇವತ್ತಿಗೂ ನುಂಗಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ನನ್ನ ಹೆಗಲ ಮೇಲೆ ಕೈ ಇಟ್ಟರು. "ತಪ್ಪು ತಿಳೀಬ್ಯಾಡ ತಮ್ಮಾ. ರವಿವಾರ ಮನಿಗೆ ಬಾ." ನಾನು ಕೈ ಕೊಡವಿಕೊಂಡೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಕಚೇರಿ ಬೇರೆ, ರೊಟ್ಟಿ ಬೇರೆ ಅಂತ ಅವರು ಮನಸ್ಸಿನಲ್ಲಿ ಎಷ್ಟು ಚೊಕ್ಕವಾಗಿ ಗೆರೆ ಹೊಡೆದಿದ್ದರೋ ಏನೋ. ನನಗೆ ಆ ಗೆರೆ ಹೊಡೆಯಲು ಬರಲಿಲ್ಲ.

ತೀರ್ಪು ಬಂತು. ನನಗೆ ಒಂದು ವರ್ಷದ ಸಂಬಳ ಬಡ್ತಿ ಕಡಿತ ಮತ್ತು ಸೂರತ್ತಿಗೆ ವರ್ಗ. ಸಾಲಿನವರಿಗೆ ಸಿಕ್ಕಿದ್ದು ಡಾಂಬರಿನ ಅಂಚಿನಿಂದ ಎರಡು ಅಡಿ ಒಳಗೆ ಒಂದು ಬಿಳಿ ಗೆರೆ. ಆ ಗೆರೆಯ ಈಚೆಯ ಆರು ಅಡಿ ಸೈಕಲ್ಲಿಗೆ ಅಂತ ಬರೆದ ತಗಡು. ಗೆರೆ ಬಳಿದ ದಿನವೇ ಲಾರಿಗಳು ಅದರ ಮೇಲೆ ಹಾಯ್ದವು. ನಾನು ಸಾಮಾನು ಕಟ್ಟುವ ಹೊತ್ತಿಗೆ ಅದು ಅಳಿಸಿಹೋಗಿತ್ತು. ಬೇವಿನ ಮರಗಳನ್ನು ಕಡಿಯುವುದನ್ನು ನಾನು ನೋಡಲಿಲ್ಲ, ಬೇಕೆಂದೇ ಆ ಕಡೆ ಹೋಗಲಿಲ್ಲ.

ಸೂರತ್ತಿನಲ್ಲಿ ಎರಡೂವರೆ ವರ್ಷ ಸೇತುವೆಯ ದುರಸ್ತಿ ಕೆಲಸ. ಒಳ್ಳೆಯ ಕೆಲಸ, ಒಳ್ಳೆಯ ಜನ. ಕನ್ನಡ ಮಾತಾಡುವ ಮೇಲಧಿಕಾರಿ ಇರಲಿಲ್ಲ, ಅದೂ ಒಳ್ಳೆಯದೇ ಆಯಿತು. ಆದರೆ ಯಾರಾದರೂ ಕಾಗದ ಮುಂದೆ ಇಟ್ಟರೆ ನನ್ನ ಕಣ್ಣು ಮೊದಲು ಹುಡುಕುವುದು ಖಾಲಿ ಜಾಗವನ್ನು. ಹೆಂಡತಿ ಕೊಟ್ಟ ಕಿರಾಣಿ ಚೀಟಿಯ ಕೆಳಗೂ ಓರೆ ಗೆರೆ ಹೊಡೆದು ಅವಳಿಂದ ಬೈಸಿಕೊಂಡಿದ್ದೇನೆ.

ಒಂದು ಸಲ ಇಲಾಖೆಯ ಕೆಲಸಕ್ಕೆ ಬಡೋದೆಗೆ ಬರಬೇಕಾಯಿತು. ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು, ರೈಲಿಗೆ ಇನ್ನೂ ಹೊತ್ತಿತ್ತು. ಹೋಟೆಲಿನ ಯಜಮಾನರಿಂದ ಸೈಕಲ್ ಕೇಳಿ ಪಡೆದು ಆ ರಸ್ತೆಗೆ ಹೋದೆ. ಡಾಂಬರು ಕರ್ರಗೆ ಹೊಳೆಯುತ್ತಿತ್ತು. ಲಾರಿಗಳು ಕಿವಿಗೆ ಗಾಳಿ ಹೊಡೆದು ಹೋಗುತ್ತಿದ್ದವು. ಸೈಕಲ್ಲಿನವನು ಅಂದರೆ ನಾನೊಬ್ಬನೇ. ಸಾಲಿನ ಮನೆಗಳನ್ನು ಹುಡುಕಿದೆ, ಬಾಗಿಲುಗಳೇ ಇರಲಿಲ್ಲ. ಇಪ್ಪತ್ಮೂರೂ ಬಾಗಿಲುಗಳಿಗೆ ಇಟ್ಟಿಗೆ ತುಂಬಿ ಮುಚ್ಚಿದ್ದರು. ರಸ್ತೆಗೆ ಮುಖ ಕೊಟ್ಟು ಕೂತಿದ್ದ ಸಾಲು ಈಗ ಬೆನ್ನು ಕೊಟ್ಟು ಕೂತಿತ್ತು. ನಕ್ಷೆಯಲ್ಲಿ ರಸ್ತೆಯ ಅಗಲ ಬದಲಾಯಿಸಿದರೆ ಅಗಲ ಮಾತ್ರ ಬದಲಾಗುತ್ತದೆ ಅಂತ ಅಂದುಕೊಳ್ಳುವ ನಮ್ಮಂಥವರನ್ನೆಲ್ಲ ಕರೆತಂದು ಆ ಗೋಡೆಯ ಮುಂದೆ ನಿಲ್ಲಿಸಬೇಕು.

ಸಾಲಿನ ಕೊನೆಯಲ್ಲಿ ಸುತ್ತಿಕೊಂಡು ಹಿಂದಕ್ಕೆ ಹೋದೆ. ಹಿಂದೆ ಮೊದಲು ಹೊಲದ ಬದುವಿತ್ತು. ಅಳತೆ ಮಾಡುವಾಗ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಆ ಬದುವಿನ ಮೇಲೆ ಮಕರಪುರದವರೆಗೂ ಹೋಗುವ ದಾರಿ ಬಿದ್ದಿತ್ತು. ಯಾವ ಕಚೇರಿಯೂ ಹಾಕಿದ್ದಲ್ಲ, ಸೈಕಲ್ಲುಗಳೇ ಸವೆಸಿ ಸವೆಸಿ ಮಾಡಿಕೊಂಡದ್ದು. ಮಣ್ಣು ಗಟ್ಟಿಯಾಗಿ ನುಣ್ಣಗಾಗಿತ್ತು, ಅಲ್ಲಲ್ಲಿ ಹೊಲದವರು ಅಡ್ಡ ಬರದಂತೆ ಬೇಲಿ ಸರಿಸಿದ್ದರು. ಇಳಿದು ಹೆಜ್ಜೆಯಲ್ಲಿ ಅಳೆದೆ, ಅಭ್ಯಾಸ ಬಿಡುತ್ತದೆಯೇ. ಹೆಚ್ಚು ಕಡಿಮೆ ಆರು ಅಡಿ. ಮನೆಗಳ ಹಿತ್ತಿಲ ಬಾಗಿಲು ಈಗ ಮುಂಬಾಗಿಲಾಗಿ, ಎಲ್ಲರ ಮನೆ ಮುಂದೆಯೂ ಹೊಸ ಕಟ್ಟೆ ಎದ್ದಿತ್ತು.

ಪಾಳಿ ಬಿಡುವ ಹೊತ್ತಾಗಿತ್ತು. ಮೊದಲ ಮನೆಯ ಕಟ್ಟೆಯ ಮೇಲೆ ಬಾ ಕೂತಿದ್ದರು, ಕಣ್ಣು ದಾರಿಯ ಮೇಲೆ. ನನ್ನ ಗುರುತು ಸಿಕ್ಕಿತು, ಮುಖದಲ್ಲಿ ತಿಳಿಯಿತು. ಕೈ ಮುಗಿದೆ. ಮಗ ಹೇಗಿದ್ದಾನೆ ಅಂದೆ. ಚೆನ್ನಾಗಿದ್ದಾನೆ, ಬರುವ ಹೊತ್ತು ಅಂದರು. ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟರು.

"ಪಾಣಿ, ಸಾಹೇಬ್."

ಕಟ್ಟೆ ಹಳೆಯದಕ್ಕಿಂತ ಅಗಲವಾಗಿತ್ತು. ಸಗಣಿಯಿಂದ ಸಾರಿಸಿ ಒಣಗಿತ್ತು, ನಾಲ್ಕು ಜನ ಕೂರುವಷ್ಟು ಜಾಗ ಖಾಲಿ ಇತ್ತು. ಬಾ ಮತ್ತೆ ತಮ್ಮ ಜಾಗದಲ್ಲಿ ಕೂತು ದಾರಿ ನೋಡತೊಡಗಿದರು. ನಾನು ನಿಂತೇ ನೀರು ಕುಡಿದು ತಂಬಿಗೆಯನ್ನು ಕಟ್ಟೆಯ ಅಂಚಿಗೆ ಇಟ್ಟೆ.